ಸ್ಟೆಬಿಲಿಟಿ ಕಂಟ್ರೋಲ್ ಮಾಡ್ಯೂಲ್ ಉತ್ತರ ಕೊಡದಿದ್ದಾಗ: ದೋಷ ಹುಡುಕುವ ಕ್ರಮ

ದೋಷದ ಕೋಡ್ ಓದುವ ಸ್ಕ್ಯಾನರ್ ಜೋಡಿಸಿದಾಗ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಮಾತನಾಡುತ್ತದೆ, ಏರ್‌ಬ್ಯಾಗ್ ಮಾತನಾಡುತ್ತದೆ, ಮೀಟರ್ ಕನ್ಸೋಲೂ ಮಾತನಾಡುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಚಕ್ರಗಳು ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಆಯ್ಕೆ ಮಾಡಿದ ಕೂಡಲೇ ಸಂಪರ್ಕ ಸಿಗುತ್ತಿಲ್ಲ ಎಂಬ ಸೂಚನೆ ಬರುತ್ತದೆ. ಮೀಟರಿನಲ್ಲಿ ಎಬಿಎಸ್ ದೀಪ, ಜಾರುವ ಕಾರಿನ ಚಿತ್ರವಿರುವ ಹಳದಿ ದೀಪ, ಕೆಲವೊಮ್ಮೆ ಕೆಂಪು ಬ್ರೇಕ್ ದೀಪ ಎಲ್ಲವೂ ಒಟ್ಟಿಗೆ ಉರಿಯುತ್ತಿರುತ್ತವೆ. ಇಂಥ ಕಾರು ಬಂದಾಗ ಗ್ಯಾರೇಜುಗಳಲ್ಲಿ ಮೊದಲು ಕೇಳಿಬರುವ ಮಾತು ‘ಮಾಡ್ಯೂಲ್ ಹೋಗಿದೆ’ ಎಂಬುದು, ಅಂದರೆ ಅದನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟಿದೆ ಎಂದು. ಕಾರಿನ ದುಬಾರಿ ಬಿಡಿಭಾಗಗಳಲ್ಲಿ ಒಂದಾದ ಅದನ್ನು ಬದಲಾಯಿಸಿದ ಮೇಲೂ ದೀಪಗಳು ಆರದಿದ್ದಾಗ ಮಾಲೀಕರ ಮುಂದೆ ನಿಲ್ಲುವುದು ಕಷ್ಟ. ಮಾಡ್ಯೂಲ್ ನಿಜವಾಗಿಯೂ ಸತ್ತಿರುವ ಸಂದರ್ಭಗಳಿಗಿಂತ ಅದಕ್ಕೆ ಸರಿಯಾದ ಕರೆಂಟ್, ಸರಿಯಾದ ಅರ್ತಿಂಗ್ ಅಥವಾ ಸರಿಯಾದ ಸಂಪರ್ಕ ತಂತಿ ಸಿಗದೇ ಇರುವ ಸಂದರ್ಭಗಳನ್ನೇ ನಾನು ಹೆಚ್ಚು ಕಂಡಿದ್ದೇನೆ. ಆದ್ದರಿಂದ ಈ ಬರಹದಲ್ಲಿ ಮಾಡ್ಯೂಲಿನ ಸರದಿ ಕೊನೆಗೆ ಬರುತ್ತದೆ.

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾದ ಬಳಿಕ ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲೂ ಈ ಪೆಟ್ಟಿಗೆ ಬಂದಿದೆ. ಸ್ಟೆಬಿಲಿಟಿ ಕಂಟ್ರೋಲ್ ಇರುವ ಕಾರುಗಳಲ್ಲಿ ಸಾಮಾನ್ಯವಾಗಿ ಅದೇ ಪೆಟ್ಟಿಗೆಯೇ ಎರಡೂ ಕೆಲಸ ಮಾಡುತ್ತದೆ: ನಾಲ್ಕು ಚಕ್ರಗಳ ವೇಗ, ಸ್ಟೀರಿಂಗ್ ತಿರುಗಿದ ಕೋನ ಮತ್ತು ಕಾರು ತನ್ನ ಅಕ್ಷದ ಮೇಲೆ ಎಷ್ಟು ತಿರುಗುತ್ತಿದೆ ಎಂಬುದನ್ನು ಹೋಲಿಸಿ, ಚಾಲಕ ತಿರುಗಿಸಿದ ದಿಕ್ಕಿಗೂ ಕಾರು ಹೋಗುತ್ತಿರುವ ದಿಕ್ಕಿಗೂ ವ್ಯತ್ಯಾಸ ಕಂಡರೆ ಬೇಕಾದ ಒಂದು ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಹೀಗಾಗಿ ಈ ಬರಹದಲ್ಲಿ ಎಬಿಎಸ್ ಮಾಡ್ಯೂಲ್ ಎಂದರೂ ಸ್ಟೆಬಿಲಿಟಿ ಮಾಡ್ಯೂಲ್ ಎಂದರೂ ಬಾನೆಟ್ಟಿನೊಳಗೆ ಬ್ರೇಕ್ ಪೈಪುಗಳು ಬಂದು ಸೇರುವ ಅದೇ ಅಲ್ಯೂಮಿನಿಯಂ ಗಡ್ಡೆ ಮತ್ತು ಅದಕ್ಕೆ ಅಂಟಿಕೊಂಡ ಕಪ್ಪು ಪೆಟ್ಟಿಗೆ ಎಂದು ತಿಳಿಯಬೇಕು.

ಕೆಲಸಕ್ಕೆ ಕೈ ಹಾಕುವ ಮೊದಲು ಸುರಕ್ಷತೆಯ ಒಂದು ವಿಷಯ. ಈ ಮಾಡ್ಯೂಲ್ ಕೆಲಸ ನಿಲ್ಲಿಸಿದರೂ ಪೆಡಲ್ ಒತ್ತಿದಾಗ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ. ಆದರೆ ಎಬಿಎಸ್ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿಯುತ್ತಿದ್ದು, ಬ್ರೇಕ್ ಆಯಿಲ್ ಮಟ್ಟ ಸರಿಯಾಗಿದ್ದು, ಹ್ಯಾಂಡ್‌ಬ್ರೇಕ್ ಇಳಿಸಿದ್ದರೆ, ಮುಂದಿನ ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಒತ್ತಡವನ್ನು ಹಂಚುವ ವ್ಯವಸ್ಥೆಯೂ ನಿಂತಿದೆ ಎಂದು ಭಾವಿಸಬೇಕು. ಆಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರಗಳು ಮೊದಲು ಕಚ್ಚಿಕೊಂಡು ಕಾರು ಅಡ್ಡ ತಿರುಗಬಹುದು. ಅಂಥ ಕಾರನ್ನು ಪರೀಕ್ಷೆಗೆಂದು ಹೆದ್ದಾರಿಗೆ ಒಯ್ಯಬಾರದು.

ಕೋಡ್ ಹೇಳುವುದು ಏನನ್ನು

‘ಯು’ ಅಕ್ಷರದಿಂದ ಆರಂಭವಾಗುವ ಕೋಡುಗಳು ನೆಟ್‌ವರ್ಕಿಗೆ ಸೇರಿದವು. ಎಬಿಎಸ್ ಮಾಡ್ಯೂಲಿನ ಸಂಪರ್ಕ ತಪ್ಪಿದೆ ಎಂಬುದಕ್ಕೆ ಯು0121, ವಾಹನದ ಸ್ಥಿರತೆ ನೋಡಿಕೊಳ್ಳುವ ಮಾಡ್ಯೂಲಿನ ಸಂಪರ್ಕ ತಪ್ಪಿದೆ ಎಂಬುದಕ್ಕೆ ಯು0122. ಇವನ್ನು ಬರೆದಿಡುವುದು ಕಾಣೆಯಾದ ಮಾಡ್ಯೂಲ್ ಅಲ್ಲ. ಅದರ ಸುದ್ದಿಗಾಗಿ ಕಾದು ಕುಳಿತ ಬೇರೆ ಮಾಡ್ಯೂಲುಗಳು. ತರಗತಿಯಲ್ಲಿ ಹಾಜರಿ ಕೂಗಿದಾಗ ಉತ್ತರ ಬರದಿದ್ದರೆ ಹುಡುಗ ಬಂದಿಲ್ಲ ಎಂದು ಬರೆದುಕೊಳ್ಳಬಹುದೇ ಹೊರತು, ಅವನು ಮನೆಯಲ್ಲಿ ಮಲಗಿದ್ದಾನೋ, ಬಸ್ಸು ತಪ್ಪಿತೋ, ಹಿಂದಿನ ಬೆಂಚಿನಲ್ಲಿ ಕುಳಿತು ದನಿ ಎತ್ತಲಿಲ್ಲವೋ ಎಂಬುದು ಹಾಜರಿ ಪುಸ್ತಕದಿಂದ ತಿಳಿಯುವುದಿಲ್ಲ. ಕೋಡಿನಿಂದ ತಿಳಿಯುವುದೂ ಅಷ್ಟೇ.

ಇದಕ್ಕೆ ಹತ್ತಿರವಾಗಿ ಕಾಣುವ ಬೇರೆ ಕೋಡುಗಳನ್ನು ಇದರೊಂದಿಗೆ ಬೆರೆಸಬಾರದು. ಯು0415 ಎಂದರೆ ಎಬಿಎಸ್ ಮಾಡ್ಯೂಲಿನಿಂದ ಸಂದೇಶ ಬಂದಿದೆ, ಆದರೆ ಅದರಲ್ಲಿರುವ ಮಾಹಿತಿ ನಂಬುವಂತಿಲ್ಲ ಎಂದರ್ಥ. ಸಿ0035ರಂಥ ಕೋಡ್ ಚಕ್ರದ ವೇಗ ಸೆನ್ಸಾರಿಗೆ ಸಂಬಂಧಿಸಿದ್ದು. ಅದು ಎಬಿಎಸ್ ಮಾಡ್ಯೂಲಿನಿಂದಲೇ ಈಗ ಓದಲು ಸಿಕ್ಕಿತೆಂದರೆ ಮಾಡ್ಯೂಲ್ ಎಚ್ಚರವಾಗಿದೆ, ಮಾತನಾಡುತ್ತಿದೆ. ಸಂಪರ್ಕವೇ ಇಲ್ಲದ ಕಾರಿನಲ್ಲಿ ಚಕ್ರದ ಸೆನ್ಸಾರ್ ಬದಲಾಯಿಸುವುದು ಹಣ ಪೋಲು ಮಾಡುವ ಕೆಲಸ.

ಮೊದಲ ಕೆಲಸವೆಂದರೆ ಕಾರಿನಲ್ಲಿರುವ ಎಲ್ಲ ಮಾಡ್ಯೂಲುಗಳ ಕೋಡುಗಳನ್ನೂ ಓದಿ, ಯಾರು ಯಾರ ಮೇಲೆ ದೂರು ಬರೆದಿದ್ದಾರೆ ಎಂಬುದನ್ನು ಕಾಗದದಲ್ಲಿ ಬರೆದುಕೊಳ್ಳುವುದು. ಇದಕ್ಕೆ ಎಲ್ಲ ಮಾಡ್ಯೂಲುಗಳನ್ನೂ ತೆರೆಯಬಲ್ಲ ಸ್ಕ್ಯಾನರ್ ಬೇಕು. ಮೊಬೈಲಿಗೆ ಜೋಡಿಸುವ ಅಗ್ಗದ ಬ್ಲೂಟೂತ್ ಡಾಂಗಲ್‌ಗಳಲ್ಲಿ ಹೆಚ್ಚಿನವು ಎಂಜಿನ್ ಕೋಡುಗಳನ್ನು ಮಾತ್ರ ಓದುತ್ತವೆ. ಅವುಗಳಲ್ಲಿ ಎಬಿಎಸ್ ಕಾಣದಿದ್ದರೆ ಅದು ಕಾರಿನ ದೋಷವಲ್ಲ. ಎಂಜಿನ್, ಸ್ಟೀರಿಂಗ್, ಮೀಟರ್ ಮೂವರೂ ಎಬಿಎಸ್ ಮೇಲೆಯೇ ದೂರು ಬರೆದಿದ್ದು, ಸ್ಕ್ಯಾನರಿಗೂ ಎಬಿಎಸ್ ಸಿಗದಿದ್ದರೆ ದೋಷ ಆ ಮಾಡ್ಯೂಲಿನ ಸುತ್ತಮುತ್ತಲೇ ಇದೆ. ಯಾರೂ ಯಾರೊಂದಿಗೂ ಮಾತನಾಡದೆ ಇಡೀ ನೆಟ್‌ವರ್ಕ್ ಮೌನವಾಗಿದ್ದರೆ ದೋಷ ಮುಖ್ಯ ತಂತಿಯಲ್ಲಿದೆ, ಇಲ್ಲವೇ ಯಾವುದೋ ಒಂದು ಮಾಡ್ಯೂಲ್ ತಂತಿಯನ್ನೇ ಎಳೆದು ಹಿಡಿದಿದೆ. ಸ್ಕ್ಯಾನರಿಗೆ ಎಬಿಎಸ್ ಈಗ ಸರಿಯಾಗಿ ಸಿಗುತ್ತಿದ್ದು ಕೋಡ್ ಮಾತ್ರ ಹಳೆಯದಾಗಿ ಉಳಿದಿದ್ದರೆ, ಬಂದು ಹೋಗುವ ದೋಷವನ್ನೋ ದುರ್ಬಲ ಬ್ಯಾಟರಿಯನ್ನೋ ಅನುಮಾನಿಸಬೇಕು.

ಬ್ಯಾಟರಿಯ ಮಾತನ್ನು ಇಲ್ಲೇ ಮುಗಿಸುತ್ತೇನೆ. ರಾತ್ರಿ ನಿಂತಿದ್ದ ಕಾರಿನ ಬ್ಯಾಟರಿ 12.6 ವೋಲ್ಟಿನ ಆಸುಪಾಸಿನಲ್ಲಿರಬೇಕು, ಎಂಜಿನ್ ಓಡುವಾಗ ಹೆಚ್ಚಿನ ಕಾರುಗಳಲ್ಲಿ 13.8ರಿಂದ 14.5 ವೋಲ್ಟ್ ಬರಬೇಕು. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ 9ಕ್ಕಿಂತ ಕೆಳಗೆ ಕುಸಿದರೆ ಮಾಡ್ಯೂಲುಗಳು ಒಂದರೆಕ್ಷಣ ಕಣ್ಣು ಮುಚ್ಚುವುದುಂಟು, ಆಗ ಉಳಿದವು ದೂರು ಬರೆದಿಡುವುದೂ ಉಂಟು. ಬ್ಯಾಟರಿ ಸರಿಪಡಿಸಿ, ಕೋಡುಗಳನ್ನೆಲ್ಲ ಅಳಿಸಿ, ಯಾವುದು ಮತ್ತೆ ಬರುತ್ತದೆಂದು ನೋಡಿದ ಮೇಲೆಯೇ ಮುಂದಿನ ಹೆಜ್ಜೆ.

ಫ್ಯೂಸ್, ಕಪ್ಲರ್, ಅರ್ತಿಂಗ್

ಎಬಿಎಸ್ ಮಾಡ್ಯೂಲಿಗೆ ಸಾಮಾನ್ಯವಾಗಿ ಮೂರು ದಾರಿಯಿಂದ ಕರೆಂಟ್ ಬರುತ್ತದೆ: ಪಂಪ್ ಮೋಟರಿಗೆ ಒಂದು ದಪ್ಪ ತಂತಿ, ವಾಲ್ವುಗಳಿಗೆ ಇನ್ನೊಂದು, ಕೀಲಿ ಆನ್ ಮಾಡಿದಾಗ ಎಚ್ಚರಿಸಲು ಒಂದು ತೆಳು ತಂತಿ. ಮೊದಲೆರಡರ ಫ್ಯೂಸುಗಳು ಬಾನೆಟ್ಟಿನೊಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿರುತ್ತವೆ. ಸಾಮಾನ್ಯವಾಗಿ ಅವು 20ರಿಂದ 40 ಆಂಪಿಯರಿನವು. ಮೋಟರಿನ ಫ್ಯೂಸ್ ಮಾತ್ರ ಹೋಗಿದ್ದರೆ ಹಲವು ಕಾರುಗಳಲ್ಲಿ ಮಾಡ್ಯೂಲ್ ಮಾತನಾಡುತ್ತಲೇ ಇದ್ದು, ಪಂಪಿಗೆ ಕರೆಂಟಿಲ್ಲ ಎಂದು ತಾನೇ ಕೋಡ್ ಬರೆದುಕೊಳ್ಳುತ್ತದೆ. ಪೂರ್ತಿ ಮೌನವಾಗಿದ್ದರೆ ಉಳಿದೆರಡು ದಾರಿಗಳ ಮೇಲೆ ಹೆಚ್ಚು ಗಮನ ಬೇಕು. ಕೀಲಿಯಿಂದ ಬರುವ ತೆಳು ತಂತಿಯ ಫ್ಯೂಸ್ ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿರುವುದರಿಂದ ಅದನ್ನು ನೋಡುವುದೇ ಮರೆತುಹೋಗುತ್ತದೆ. ಫ್ಯೂಸನ್ನು ಕಿತ್ತು ಬೆಳಕಿಗೆ ಹಿಡಿದು ನೋಡಿದರೆ ಸಾಲದು. ಅದು ಜಾಗದಲ್ಲಿಯೇ ಇರುವಾಗ, ಕೀಲಿ ಆನ್ ಆಗಿರುವಾಗ, ಅದರ ಬೆನ್ನಿನ ಎರಡೂ ಚುಕ್ಕೆಗಳಲ್ಲಿ ವೋಲ್ಟೇಜ್ ಅಳೆಯಬೇಕು.

ಅನಂತರ ಕಪ್ಲರ್, ಅಂದರೆ ತಂತಿಗಳನ್ನು ಮಾಡ್ಯೂಲಿಗೆ ಸಿಕ್ಕಿಸುವ ಪ್ಲಗ್. ಬ್ಯಾಟರಿಯ ನೆಗೆಟಿವ್ ಕಳಚಿದ ಮೇಲೆಯೇ ಅದಕ್ಕೆ ಕೈ ಹಾಕಬೇಕು. ಲಾಕಿನ ಸನ್ನೆಯನ್ನು ಪೂರ್ತಿ ಎತ್ತಿದರೆ ಕಪ್ಲರ್ ತಾನಾಗಿ ಹೊರಬರುತ್ತದೆ. ಸ್ಕ್ರೂಡ್ರೈವರ್ ತುರುಕಿ ಎಬ್ಬಿಸಿದರೆ ಲಾಕ್ ಮುರಿದು, ಮುಂದೆ ಅದೇ ಹೊಸ ದೋಷಕ್ಕೆ ಕಾರಣವಾಗುತ್ತದೆ. ಒಳಗೆ ಹಸಿರು ಕಿಲುಬು, ನೀರಿನ ಕಲೆ, ಮಾಸ್ಟರ್ ಸಿಲಿಂಡರಿನಿಂದ ಸೋರಿದ ಬ್ರೇಕ್ ಆಯಿಲ್, ಬಾಗಿದ ಪಿನ್ನು, ಹಿಗ್ಗಿದ ಟರ್ಮಿನಲ್ ಇವುಗಳನ್ನು ಟಾರ್ಚ್ ಹಿಡಿದು ನಿಧಾನವಾಗಿ ನೋಡಬೇಕು. ಮಲ್ಟಿಮೀಟರಿನ ದಪ್ಪ ಮೊನೆಯನ್ನು ಹೆಣ್ಣು ಟರ್ಮಿನಲ್ಲಿನೊಳಗೆ ಒತ್ತುವ ಅಭ್ಯಾಸ ತುಂಬ ಜನರಿಗಿದೆ. ಅದರಿಂದ ಟರ್ಮಿನಲ್ ಹಿಗ್ಗಿ ಪಿನ್ನನ್ನು ಬಿಗಿಯಾಗಿ ಹಿಡಿಯುವುದು ತಪ್ಪುತ್ತದೆ. ಇಲ್ಲದ ದೋಷವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಅದೇ ಅಳತೆಯ ಹಳೆಯ ಪಿನ್ನೊಂದಕ್ಕೆ ತಂತಿ ಬೆಸೆದು ಇಟ್ಟುಕೊಂಡರೆ ಎಲ್ಲ ಅಳತೆಗಳಿಗೂ ಆಗುತ್ತದೆ.

ಈಗ ಈ ಬರಹದ ಮುಖ್ಯ ಪರೀಕ್ಷೆಗೆ ಬರುತ್ತೇನೆ. ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದು ತಂತಿಯಿಂದ ಎಳೆದುಕೊಳ್ಳುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಒಂದೇ ಒಂದು ಎಳೆ ಉಳಿದಿರುವ ತಂತಿಯಲ್ಲೂ, ಕಿಲುಬು ಹಿಡಿದ ಬೋಲ್ಟಿನಲ್ಲೂ ಅದು 12.4 ವೋಲ್ಟ್ ಎಂದೇ ತೋರಿಸುತ್ತದೆ. ಹಾಗಾಗಿ ಲೋಡ್ ಹಾಕಿ ಅಳೆಯಬೇಕು. ನಾನು ಬಳಸುವುದು 60/55 ವ್ಯಾಟಿನ ಹೆಡ್‌ಲೈಟ್ ಬಲ್ಬು. ಅದರ ಹೈಬೀಮ್ ಎಳೆ ಸುಮಾರು 5 ಆಂಪಿಯರ್ ಎಳೆಯುತ್ತದೆ. ಕಪ್ಲರನ್ನು ಮಾಡ್ಯೂಲಿನಿಂದ ಬಿಡಿಸಿ, ಬ್ಯಾಟರಿ ಮತ್ತೆ ಜೋಡಿಸಿ, ಕೀಲಿ ಆನ್ ಮಾಡಿ, ಹಾರ್ನೆಸ್ (ತಂತಿಗಳ ಕಟ್ಟು) ಕಡೆಯ ಪಾಸಿಟಿವ್ ಪಿನ್ನಿಗೂ ಅರ್ತಿಂಗ್ ಪಿನ್ನಿಗೂ ನಡುವೆ ಬಲ್ಬನ್ನು ಕಟ್ಟಬೇಕು. ಬಲ್ಬು ಬೆಳ್ಳಗೆ ಉರಿಯಬೇಕು. ಉರಿಯುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಅರ್ತಿಂಗ್ ಪಿನ್ನಿಗೂ ನಡುವೆ ಅಳೆದರೆ 0.1 ವೋಲ್ಟಿಗಿಂತ ಹೆಚ್ಚು ಬರಬಾರದು. ಪಾಸಿಟಿವ್ ಕಂಬಕ್ಕೂ ಪಾಸಿಟಿವ್ ಪಿನ್ನಿಗೂ ನಡುವೆ 0.2 ಅಥವಾ 0.3ರವರೆಗೆ ಒಪ್ಪಬಹುದು. ಕೀಲಿಯಿಂದ ಬರುವ ತೆಳು ತಂತಿಗೆ ಮಾತ್ರ ಈ ದೊಡ್ಡ ಬಲ್ಬು ಬೇಡ, 5 ವ್ಯಾಟಿನ ಪಾರ್ಕಿಂಗ್ ಬಲ್ಬು ಸಾಕು.

ಕರಾವಳಿಯ ಕಡೆಯಿಂದ ಬಂದ ಆರು ವರ್ಷದ ಡೀಸೆಲ್ ಕಾರೊಂದು ಈ ಪರೀಕ್ಷೆಯ ಬೆಲೆಯನ್ನು ನನಗೆ ಚೆನ್ನಾಗಿ ಕಲಿಸಿತು. ಬೇರೊಂದು ಕಡೆ ಅದಕ್ಕೆ ಹಳೆಯ ಮಾಡ್ಯೂಲೊಂದನ್ನು ತಂದು ಹಾಕಿಯೂ ಆಗಿತ್ತು. ಮಾಲೀಕರು ಹೇಳಿದ ಲಕ್ಷಣ ಹೀಗಿತ್ತು: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಯಾವ ದೀಪವೂ ಇರುವುದಿಲ್ಲ, ಗೇಟು ದಾಟಿ ಎರಡನೇ ಗೇರಿಗೆ ಬರುವಷ್ಟರಲ್ಲಿ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ, ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತದೆ. ಇದರಲ್ಲಿ ಅರ್ಧ ಉತ್ತರ ಅಡಗಿತ್ತು. ಕಾರು ಹೊರಟ ಮೇಲೆ ಗಂಟೆಗೆ ಸುಮಾರು 15-20 ಕಿಲೋಮೀಟರ್ ವೇಗದಲ್ಲಿ ಬಹಳಷ್ಟು ಎಬಿಎಸ್ ಮಾಡ್ಯೂಲುಗಳು ಪಂಪ್ ಮೋಟರನ್ನು ಕ್ಷಣಮಾತ್ರ ಓಡಿಸಿ ಪರೀಕ್ಷಿಸಿಕೊಳ್ಳುತ್ತವೆ. ಕಿವಿಗೊಟ್ಟರೆ ಗುರ್ ಎಂಬ ಸಣ್ಣ ಸದ್ದು ಕೇಳಿಸುತ್ತದೆ. ಸುಮ್ಮನೆ ಎಚ್ಚರವಾಗಿರಲು ಮಾಡ್ಯೂಲಿಗೆ ಬೇಕಾಗುವ ಕರೆಂಟ್ ಅತ್ಯಲ್ಪ, ಮೋಟರಿಗೆ ಬೇಕಾಗುವುದು ಅದರ ಎಷ್ಟೋ ಪಟ್ಟು. ಆ ಕಾರಿನಲ್ಲಿ ಇಬ್ಬರಿಗೂ ಅರ್ತಿಂಗ್ ಒಂದೇ ಬೋಲ್ಟಿನಿಂದ. ಬಲ್ಬು ಕಟ್ಟಿದಾಗ ಅದು ಬೂದಿ ಮುಚ್ಚಿದ ಕೆಂಡದಂತೆ ಮಂಕಾಗಿ ಕೆಂಪಾಯಿತು. ಮೀಟರ್ ಅರ್ತಿಂಗ್ ಕಡೆ 7 ವೋಲ್ಟಿಗಿಂತ ಹೆಚ್ಚು ತೋರಿಸಿತು. ಬಲ್ಬು ಬಿಚ್ಚಿದರೆ ಮತ್ತೆ ಅದೇ 12.4. ಬ್ಯಾಟರಿ ತಟ್ಟೆಯನ್ನು ಎತ್ತಿದಾಗ, ಅದರ ಕೆಳಗೆ ಕಾರಿನ ಲೋಹದ ಮೈಗೆ ಬಿಗಿದಿದ್ದ ಅರ್ತಿಂಗ್ ಬೋಲ್ಟಿನ ಸುತ್ತ ತುಕ್ಕು ಪದರ ಪದರವಾಗಿ ಎದ್ದಿತ್ತು. ಬೋಲ್ಟ್ ಬಿಚ್ಚಿ, ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಹೊಸ ಲಗ್ ಕಚ್ಚಿಸಿ, ಬಿಗಿದ ಮೇಲೆ ಗ್ರೀಸ್ ಬಳಿದೆವು. ಬಲ್ಬು ಬೆಳ್ಳಗೆ ಉರಿಯಿತು, ಅರ್ತಿಂಗ್ ಕಡೆ 0.04 ವೋಲ್ಟ್. ಮಾಲೀಕರು ಡಿಕ್ಕಿಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಮೊದಲಿನ ಮಾಡ್ಯೂಲನ್ನೇ ಮತ್ತೆ ಕೂರಿಸಿದೆವು.

ಸಂಪರ್ಕದ ಜೋಡಿ ತಂತಿ

ಕರೆಂಟ್ ಮತ್ತು ಅರ್ತಿಂಗ್ ಲೋಡಿನಲ್ಲೂ ಸರಿಯಾಗಿವೆ ಎಂದಾದರೆ ಮಾಡ್ಯೂಲುಗಳು ಪರಸ್ಪರ ಮಾತನಾಡುವ ಕ್ಯಾನ್ ತಂತಿಗಳನ್ನು ನೋಡಬೇಕು. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಈ ವ್ಯವಸ್ಥೆಯಲ್ಲಿ ಹೆಣೆದುಕೊಂಡ ಎರಡು ತಂತಿಗಳಿರುತ್ತವೆ, ಕ್ಯಾನ್ ಹೈ ಮತ್ತು ಕ್ಯಾನ್ ಲೋ. ಸಂದೇಶವಿಲ್ಲದಾಗ ಎರಡರಲ್ಲೂ 2.5 ವೋಲ್ಟ್, ಸಂದೇಶ ಹೋಗುವಾಗ ಹೈ 3.5ರತ್ತ ಏರುತ್ತದೆ, ಲೋ 1.5ರತ್ತ ಇಳಿಯುತ್ತದೆ. ಮಲ್ಟಿಮೀಟರಿಗೆ ಈ ವೇಗ ಹಿಡಿಯಲಾಗದು, ಅದು ಸರಾಸರಿಯನ್ನಷ್ಟೇ ತೋರಿಸುತ್ತದೆ. ಕೀಲಿ ಆನ್ ಇರುವಾಗ ಹೈ 2.6-2.8, ಲೋ 2.2-2.4, ಎರಡೂ ಕೂಡಿದರೆ ಹತ್ತಿರ ಹತ್ತಿರ 5 ಬಂದರೆ ತಂತಿಗಳಲ್ಲಿ ಸಂಚಾರವಿದೆ ಎಂದರ್ಥ. ಎರಡರಲ್ಲೂ ಒಂದೇ ಅಳತೆ ಬಂದು ಇಡೀ ನೆಟ್‌ವರ್ಕ್ ಮೌನವಾಗಿದ್ದರೆ ತಂತಿಗಳು ಒಂದಕ್ಕೊಂದು ತಾಗಿರಬಹುದು. ಸೊನ್ನೆಯ ಹತ್ತಿರವಿದ್ದರೆ ಕಾರಿನ ಲೋಹದ ಮೈಗೆ ತಾಗಿರಬಹುದು. 12ರ ಹತ್ತಿರ ಹೋದರೆ ಬ್ಯಾಟರಿಯ ತಂತಿಯೊಂದು ಸೇರಿಕೊಂಡಿದೆ.

ರೋಧ ಅಳೆಯಲು ಬ್ಯಾಟರಿ ಕಳಚಿ, ಕೆಲವು ನಿಮಿಷ ಕಾದು, ಡ್ಯಾಶ್‌ಬೋರ್ಡಿನ ಕೆಳಗಿನ ಸ್ಕ್ಯಾನರ್ ಸಾಕೆಟ್ಟಿನ 6 ಮತ್ತು 14ನೇ ಪಿನ್ನುಗಳ ನಡುವೆ ಮೀಟರ್ ಹಿಡಿಯಬೇಕು. ಮುಖ್ಯ ತಂತಿಯ ಎರಡು ತುದಿಗಳಲ್ಲೂ 120 ಓಮಿನ ರೋಧಕಗಳಿರುವುದರಿಂದ ಸರಿಯಿದ್ದರೆ 60 ಓಮ್ ಬರುತ್ತದೆ. 120 ಬಂದರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆಯತ್ತ ಬಂದರೆ ಶಾರ್ಟ್.

ಇಲ್ಲಿಯೇ ಅನೇಕರು ಎಡವುತ್ತಾರೆ. ಸಾಕೆಟ್ಟಿನಲ್ಲಿ 60 ಓಮ್ ಬಂದ ಮಾತ್ರಕ್ಕೆ ಎಬಿಎಸ್ ಮಾಡ್ಯೂಲಿನವರೆಗೆ ತಂತಿ ಸರಿಯಿದೆ ಎಂದು ಸಾಬೀತಾಗುವುದಿಲ್ಲ. ಮಾಡ್ಯೂಲ್ ಮುಖ್ಯ ತಂತಿಯಿಂದ ಒಡೆದ ಒಂದು ಕವಲಿನಲ್ಲಿದ್ದರೆ, ಆ ಕವಲು ಕಡಿದರೂ ತುದಿಗಳ ರೋಧಕಗಳು ಹಾಗೆಯೇ ಇರುತ್ತವೆ, ಅಳತೆಯೂ 60 ಆಗಿಯೇ ಇರುತ್ತದೆ. ಹಲವು ಹೊಸ ಕಾರುಗಳಲ್ಲಿ ಸಾಕೆಟ್ಟಿಗೂ ಒಳಗಿನ ತಂತಿಗಳಿಗೂ ನಡುವೆ ಸಂದೇಶಗಳನ್ನು ದಾಟಿಸುವ ಗೇಟ್‌ವೇ ಮಾಡ್ಯೂಲ್ ಕುಳಿತಿರುವುದರಿಂದ ಅಲ್ಲಿಂದ ಎಬಿಎಸ್ ತಂತಿ ಕಾಣುವುದೇ ಇಲ್ಲ. ಆದ್ದರಿಂದ ಕೊನೆಯ ಅಳತೆ ಎಬಿಎಸ್ ಕಪ್ಲರಿನಲ್ಲಿಯೇ ಆಗಬೇಕು. ಕಪ್ಲರ್ ಬಿಡಿಸಿದಾಗ ಹಾರ್ನೆಸ್ ಕಡೆ 60 ಬರಬೇಕು. ಕೆಲವು ಕಾರುಗಳಲ್ಲಿ ತುದಿಯ ರೋಧಕ ಎಬಿಎಸ್ ಮಾಡ್ಯೂಲಿನೊಳಗೇ ಇರುತ್ತದೆ. ಅಲ್ಲಿ 120 ಬರುವುದೇ ಸರಿ. ನಿಮ್ಮ ಕಾರು ಯಾವ ಬಗೆ ಎಂಬುದನ್ನು ವೈರಿಂಗ್ ಚಿತ್ರದಲ್ಲಿ ನೋಡಿಕೊಳ್ಳದೆ ಅಳೆದರೆ ಸರಿಯಾದ ಅಳತೆಯೂ ದೋಷವಾಗಿ ಕಾಣುತ್ತದೆ.

ಇಡೀ ನೆಟ್‌ವರ್ಕ್ ಮಲಗಿರುವಾಗ ಮಾಡ್ಯೂಲುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಬೇಕು. ಎಬಿಎಸ್ ಕಪ್ಲರ್ ಬಿಡಿಸಿದ ಕ್ಷಣ ಉಳಿದವರೆಲ್ಲ ಮಾತನಾಡತೊಡಗಿದರೆ, ಮತ್ತೆ ಸಿಕ್ಕಿಸಿದಾಗ ಮೌನವಾದರೆ, ಒಳಗೆ ನೀರು ಹೊಕ್ಕು ಶಾರ್ಟ್ ಆಗಿರುವ ಸಾಧ್ಯತೆ ಬಲವಾಗಿದೆ.

ತಂತಿ ಕಡಿಯುವ ಜಾಗಗಳು ಬಹುಮಟ್ಟಿಗೆ ಊಹಿಸಬಹುದಾದವೇ. ಮಳೆಗಾಲದಲ್ಲಿ ಇಲಿಗಳು ಎಂಜಿನ್ನಿನ ಬೆಚ್ಚಗಿನ ಮೂಲೆ ಸೇರಿ ಹಾರ್ನೆಸ್ ಕಡಿಯುತ್ತವೆ; ಟೇಪಿನ ಹೊರಪದರ ಸರಿಯಾಗಿ ಕಂಡರೂ ಕೆಳಭಾಗದಲ್ಲಿ ಹಲ್ಲಿನ ಗುರುತಿರುತ್ತದೆ, ಆದ್ದರಿಂದ ಬೆರಳಿನಿಂದ ಸವರಿ ನೋಡಬೇಕು. ಅಪಘಾತದ ಬಳಿಕ ಬಾಡಿ ಕೆಲಸವಾದ ಕಾರಿನಲ್ಲಿ ಫೆಂಡರ್ ಒಳಗೆ ಹಾರ್ನೆಸ್ ಸಿಕ್ಕಿಕೊಂಡಿರುವುದುಂಟು. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಂ, ಜಿಪಿಎಸ್ ಟ್ರ್ಯಾಕರ್, ರಿಮೋಟ್ ಲಾಕ್ ಇವುಗಳ ತಂತಿಯನ್ನು ಕ್ಯಾನ್ ಜೋಡಿಗೇ ತಿರುಚಿ ಟೇಪ್ ಸುತ್ತಿರುವುದನ್ನೂ ಕಂಡಿದ್ದೇನೆ; ಅಂಥ ಸಾಧನವಿದ್ದರೆ ಮೊದಲು ಅದನ್ನು ಬಿಡಿಸಿ ನೋಡುವುದು ಐದು ನಿಮಿಷದ ಕೆಲಸ. ಬಂದು ಹೋಗುವ ದೋಷವಾದರೆ ಸ್ಕ್ಯಾನರಿನಲ್ಲಿ ಎಬಿಎಸ್ ಮಾಹಿತಿ ಓಡುತ್ತಿರುವಾಗ ಒಬ್ಬರು ಪರದೆ ನೋಡುತ್ತಾ ಇನ್ನೊಬ್ಬರು ಹಾರ್ನೆಸನ್ನು ಗೇಣುಗೇಣಾಗಿ ಅಲ್ಲಾಡಿಸಬೇಕು.

ಕಡಿದ ಕ್ಯಾನ್ ತಂತಿಯನ್ನು ಬೆಸೆಯುವಾಗ ಎರಡೂ ಜೋಡಣೆಗಳು ಅಕ್ಕಪಕ್ಕ ಬರದಂತೆ ಒಂದಿಷ್ಟು ಅಂತರ ಬಿಡಬೇಕು, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಹಾಕಬೇಕು, ಹೆಣಿಗೆ ಬಿಚ್ಚಿದ ಭಾಗ ಒಂದೆರಡು ಇಂಚಿಗಿಂತ ಹೆಚ್ಚಾಗಬಾರದು. ತಂತಿಗಳು ಹೆಣೆದುಕೊಂಡಿರುವುದು ಹೊರಗಿನ ವಿದ್ಯುತ್ ಗದ್ದಲ ಎರಡರ ಮೇಲೂ ಸಮನಾಗಿ ಬಿದ್ದು ರದ್ದಾಗಲಿ ಎಂಬ ಕಾರಣಕ್ಕೆ.

ಮಾಡ್ಯೂಲನ್ನೇ ದೂರಬೇಕಾದಾಗ

ಲೋಡಿನಲ್ಲಿ ಕರೆಂಟ್ ಸರಿ, ಅರ್ತಿಂಗ್ ಸರಿ, ಕಪ್ಲರಿನಲ್ಲಿ ಕ್ಯಾನ್ ಅಳತೆ ಸರಿ, ಪಿನ್ನುಗಳು ಬಿಗಿ, ಉಳಿದವರೆಲ್ಲ ಮಾತನಾಡುತ್ತಿದ್ದಾರೆ. ಇಷ್ಟಾದರೂ ಎಬಿಎಸ್ ಉತ್ತರಿಸದಿದ್ದರೆ ಈಗ ಮಾಡ್ಯೂಲ್ ಹೋಗಿದೆ ಎನ್ನಬಹುದು. ಎಂಜಿನ್ನಿನ ಶಾಖ ಮತ್ತು ನಡುಗುವಿಕೆಯಿಂದ ಒಳಗಿನ ಬೆಸುಗೆಗಳು ಬಿರುಕು ಬಿಡುವುದು ತಿಳಿದ ವಿಷಯವೇ. ಕೆಲವು ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಭಾಗವನ್ನು ಮಾತ್ರ ಬಿಚ್ಚಿ ದುರಸ್ತಿಗೆ ಕಳುಹಿಸಬಹುದು, ಬ್ರೇಕ್ ಪೈಪುಗಳನ್ನು ಮುಟ್ಟಬೇಕಾಗಿಲ್ಲ. ಹಳೆಯ ಮಾಡ್ಯೂಲ್ ಹಾಕುವುದಾದರೆ ಪಾರ್ಟ್ ನಂಬರ್ ಅಕ್ಷರಕ್ಷರವೂ ಹೊಂದಬೇಕು. ಆಕಾರ ಒಂದೇ ಆಗಿದ್ದು ಒಳಗಿನ ಸಾಫ್ಟ್‌ವೇರ್ ಬೇರೆಯಾಗಿದ್ದರೆ ಹೊಸ ತಲೆನೋವು.

ಹಾಕಿದ ಮೇಲೆ ಸ್ಕ್ಯಾನರಿನಿಂದ ಕಾರಿನ ವೇರಿಯಂಟಿಗೆ ತಕ್ಕ ಕೋಡಿಂಗ್ ಮಾಡಿ, ಸಮತಟ್ಟಾದ ನೆಲದಲ್ಲಿ ಚಕ್ರಗಳನ್ನು ನೇರ ನಿಲ್ಲಿಸಿ ಸ್ಟೀರಿಂಗ್ ಕೋನದ ಸೆನ್ಸಾರ್ ಮತ್ತು ತಿರುಗುವಿಕೆಯ ಸೆನ್ಸಾರುಗಳ ಸೊನ್ನೆಯನ್ನು ಕಲಿಸಬೇಕು. ಇದನ್ನು ಬಿಟ್ಟರೆ ಕಾರು ನೇರ ಹೋಗುತ್ತಿರುವಾಗಲೂ ಮಾಡ್ಯೂಲಿಗೆ ಅದು ತಿರುಗುತ್ತಿರುವಂತೆ ಕಾಣಬಹುದು. ಪೈಪುಗಳನ್ನು ಬಿಚ್ಚಿದ್ದರೆ ಪೆಡಲ್ ತುಳಿದು ಗಾಳಿ ತೆಗೆದರೆ ಸಾಲದು. ವಾಲ್ವುಗಳ ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರಲು ಸ್ಕ್ಯಾನರಿನಿಂದ ಪಂಪ್ ಓಡಿಸಿ ಬ್ಲೀಡ್ ಮಾಡಬೇಕು. ಕೊನೆಯಲ್ಲಿ ಕೋಡುಗಳನ್ನು ಅಳಿಸಿ, ಜನರಿಲ್ಲದ ಖಾಲಿ ಜಾಗದಲ್ಲಿ 20 ಕಿಲೋಮೀಟರ್ ವೇಗ ದಾಟಿಸಿ, ಪಂಪಿನ ಆ ಸಣ್ಣ ಸದ್ದು ಕೇಳಿದ ಮೇಲೆಯೂ ದೀಪಗಳು ಹೊತ್ತಿಕೊಳ್ಳದಿದ್ದರೆ ಕಾರನ್ನು ಮಾಲೀಕರಿಗೆ ಒಪ್ಪಿಸಬಹುದು.